ಭಾವನ ಬಂದೂಕು

ಜನವರಿಯ ರಜೆ ಮುಗಿಸಿಕೊಂಡು ನಾನು ಹಾಸ್ಟೆಲಿಗೆ ಮರಳಿದಾಗ ನನ್ನ ಎರಡು ಕಣ್ಣುಗಳೂ ಕೆಂಡದಂತೆ ಕೆಂಪಾಗಿದ್ದುವು. ಕಂಡವರೆಲ್ಲ ಕಾರಣ ಕೇಳಿದರು. "ಕಡಲಿನಲ್ಲಿ ಮುಳುಗಿ ಈಟಿಯಿಂದ ಮೀನು ಹೊಡೆಯಲು ಹೋಗಿದ್ದೆ" ಎಂದೆ. ನಕ್ಕವರು ನಕ್ಕರು. ಘಟ್ಟದ ಮೇಲಿನಿಂದ ಬಂದ ಇಬ್ಬರು ಗೆಳೆಯರು ಮಾತ್ರ ನಗಲಿಲ್ಲ. ಬೇಸಗೆಗೆ ನಿಮ್ಮೂರಿಗೆ ಬರುತ್ತೇವೆ, ನಮಗೂ ಕಲಿಸು, ಏನೇನು ಕೊಳ್ಳಬೇಕೆಂದು ಒಂದು ಚೀಟಿ ಬರೆದುಕೊಡು ಎಂದು ಗಂಟುಬಿದ್ದರು. ಚೀಟಿ ಬರೆಯಲು ಕುಳಿತೆ. ಮೊದಲ ಸಾಲಿಗೇ ಪೆನ್ನು ನಿಂತಿತು. ಅವರ ಮನಸ್ಸಿನಲ್ಲಿರುವ ಮೊದಲ ಸಾಲು ಯಾವುದೆಂದು ನನಗೆ ಗೊತ್ತಿತ್ತು: ಬಂದೂಕು. ನನ್ನ ಭಾವನ ಮನಸ್ಸಿನಲ್ಲಿದ್ದುದೂ ಅದೇ.

ಭಾವ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದಾರೆ. ಆ ಸಲ ರಜೆಗೆ ಬರುವಾಗ ಉದ್ದನೆಯ ಪೆಟ್ಟಿಗೆಯೊಂದನ್ನು ತಂದರು. ಅಕ್ಕ ತನಗಾಗಿ ಏನೋ ತಂದಿದ್ದಾರೆಂದು ಬಗೆದು ಬಿಚ್ಚಿದರೆ ಒಳಗಿದ್ದುದು ರಬ್ಬರಿನ ಎಳೆತದಿಂದ ಉಕ್ಕಿನ ಈಟಿಯನ್ನು ಹಾರಿಸುವ ಒಂದು ಬಂದೂಕು, ಗಾಜಿನ ಮಾಸ್ಕು, ಈಜುರೆಕ್ಕೆ, ಸೀಸದ ಗುಂಡುಗಳನ್ನು ಪೋಣಿಸಿದ ಸೊಂಟಪಟ್ಟಿ. ಮಾಸ್ಕು ಒಂದೇ ಇದ್ದುದರಿಂದ ಅದು ಹಿರಿಯರ ಪಾಲಾಯಿತು. ನನ್ನ ಬಳಿ ಈಜುಕೊಳದಲ್ಲಿ ಹಾಕುವ ಕನ್ನಡಕವಿತ್ತು. ಸಾಕು ಎಂದುಕೊಂಡೆ.

ಸಾಕಾಗದೆಂದು ತಿಳಿಯಲು ಎರಡು ಮಾರು ಆಳ ಸಾಕಾಯಿತು. ನಮ್ಮೂರು ಕಾಪು-ಮಲ್ಪೆಗಳ ನಡುವೆ ಇದೆ. ದಡದಿಂದ ಸ್ವಲ್ಪ ದೂರದಲ್ಲಿ ಬಂಡೆಗಳ ಸಾಲೊಂದಿದೆ. ನೀರು ತಿಳಿಯಾದ ತಿಂಗಳುಗಳಲ್ಲಿ ಅಲ್ಲಿ ಮುರು ಮೀನುಗಳು ಕಲ್ಲುಸಂದಿಯಿಂದ ಇಣಿಕುತ್ತವೆ. ಅಂಥ ಒಂದನ್ನು ನೋಡಿ ನಾನು ತಲೆಕೆಳಗಾಗಿ ಇಳಿದೆ. ಯಾರೋ ಎರಡು ಕಣ್ಣುಗುಡ್ಡೆಗಳನ್ನೂ ಹೊರಕ್ಕೆ ಹೀರಿದಂತಾಯಿತು. ಭೌತಶಾಸ್ತ್ರದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಬಾಯ್ಲನ ನಿಯಮ ಕಣ್ಣಿಗೇ ಬಂದು ತಾಗಿತು. ಆಳಕ್ಕೆ ಇಳಿದಂತೆ ಒತ್ತಡ ಏರುತ್ತದೆ, ಕನ್ನಡಕದೊಳಗಿನ ಗಾಳಿ ಕುಗ್ಗಬಯಸುತ್ತದೆ. ಗಟ್ಟಿ ಬಟ್ಟಲು ಕುಗ್ಗಲಾರದು, ಆದುದರಿಂದ ಕಣ್ಣಿನ ನವುರಾದ ನೆತ್ತರ ನಾಳಗಳು ಒಡೆಯುತ್ತವೆ. ಮಾಸ್ಕಿನಲ್ಲಿ ಮೂಗೂ ಒಳಗಿರುತ್ತದೆ. ಮೂಗಿನಿಂದ ಕೊಂಚ ಗಾಳಿ ಬಿಟ್ಟರೆ ಒಳಗೂ ಹೊರಗೂ ಸಮನಾಗುತ್ತದೆ. ಈಜುಗನ್ನಡಕದಲ್ಲಿ ಮೂಗು ಹೊರಗುಳಿದಿದೆ. ಅದಕ್ಕೆ ಗಾಳಿ ಕೊಡುವ ದಾರಿಯೇ ಇಲ್ಲ.

ಆದುದರಿಂದ ಗೆಳೆಯರ ಚೀಟಿಯ ಮೊದಲ ಸಾಲು ಮಾಸ್ಕು. ಇದರಲ್ಲಿ ದುಡ್ಡು ಉಳಿಸಬಾರದು. ಒಳಗೆ ಗಾಳಿಯ ಜಾಗ ಕಡಮೆಯಿರುವುದನ್ನು, ಮೂಗನ್ನು ಹೊರಗಿನಿಂದ ಬೆರಳಲ್ಲಿ ಹಿಡಿಯಲು ಬರುವಂಥದನ್ನು ಆರಿಸಬೇಕು; ಮೂಗು ಹಿಡಿದು ಮೆಲ್ಲಗೆ ಊದಿದರೆ ತಾನೇ ಕಿವಿಯ ನೋವು ಬಿಡುವುದು. ಪಟ್ಟಿಯನ್ನು ತಲೆಗೆ ಹಾಕದೆ ಬರಿದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದಾಗ ಮಾಸ್ಕು ತಾನಾಗಿ ಅಂಟಿ ನಿಂತರೆ ಅದು ನಿಮ್ಮ ಮುಖದ್ದು, ಬಿದ್ದರೆ ಬೇರೆಯವರದು. ಮೀಸೆ ಇದ್ದವರಿಗೆ ಮೇಲುತುಟಿಯ ಬಳಿ ನೀರು ನುಸುಳುತ್ತದೆ. ನಮ್ಮ ತರಗತಿಯ ಕೆಲವರು ಮೀನನ್ನು ಬಿಟ್ಟಾರು, ಮೀಸೆಯನ್ನು ಬಿಡಲಾರರು. ಅವರು ಕೊಂಚ ಮುಲಾಮು ಸವರಿಕೊಳ್ಳಲಿ. ಹೊಸ ಗಾಜನ್ನು ಒಳಬದಿಯಲ್ಲಿ ಹಲ್ಲುಜ್ಜುವ ಪೇಸ್ಟಿನಿಂದ ಚೆನ್ನಾಗಿ ತಿಕ್ಕಬೇಕು, ಇಲ್ಲವಾದರೆ ಮಂಜು ಕವಿಯುತ್ತದೆ. ಆಮೇಲೆ ಪ್ರತಿಸಲವೂ ಉಗುಳು ಸವರಿ ತೊಳೆದರೆ ಸಾಕು. ಇನ್ನೊಂದು ಮಾತು: ನೀರಿನೊಳಗೆ ಗಾಜಿನ ಮೂಲಕ ನೋಡಿದಾಗ ಎಲ್ಲವೂ ಕಾಲು ಪಾಲು ಹತ್ತಿರವಾಗಿಯೂ ಮೂರನೆಯ ಒಂದು ಪಾಲು ದೊಡ್ಡದಾಗಿಯೂ ತೋರುತ್ತದೆ. ಮೀನು ಹಿಡಿದವರು ಹೇಳುವ ಅಳತೆಗಳಿಗೆ ಇಲ್ಲಾದರೂ ವಿಜ್ಞಾನದ ಬೆಂಬಲವಿದೆ.

ಸೀಸದ ಪಟ್ಟಿಯ ಕಥೆಯನ್ನು ಹೇಳಲು ನನಗೆ ಈಗಲೂ ಕೈ ತಣ್ಣಗಾಗುತ್ತದೆ.

ಆ ಪಟ್ಟಿ ದಪ್ಪ ರಬ್ಬರಿನ ಈಜು ಅಂಗಿ ತೊಡುವವರಿಗಾಗಿ ಮಾಡಿದ್ದು. ಅಂಗಿಯಲ್ಲಿರುವ ಗಾಳಿಯ ಗುಳ್ಳೆಗಳು ಮೈಯನ್ನು ತೇಲಿಸುತ್ತವೆ, ಅದನ್ನು ಇಳಿಸಲು ಸೀಸ. ಭಾವನ ಮೈಮೇಲೆ ಇದ್ದುದು ಬರಿಯ ಚಡ್ಡಿ. ನಮ್ಮ ಬೆಚ್ಚನೆಯ ನೀರಿಗೆ ಅಂಗಿಯೇ ಬೇಡ, ಹೊಸಬನಿಗೆ ಸೀಸವಂತೂ ಬೇಡವೇ ಬೇಡ. ಅವರು ಪೂರಾ ಪಟ್ಟಿಯನ್ನು ಕಟ್ಟಿಕೊಂಡರು. ಅದರ ಬಕಲು ಪ್ಯಾಂಟಿನ ಬೆಲ್ಟಿನಂಥದು. "ಉಸಿರು ಕೂಡಿಡುತ್ತೇನೆ ನೋಡು" ಎಂದು ಹತ್ತು ಹನ್ನೆರಡು ಸಲ ಜೋರಾಗಿ ಉಸಿರಾಡಿ, ಬಂದೂಕು ಹಿಡಿದು ಮುಳುಗಿದರು. ನಾಲ್ಕು ಮಾರು ನೀರು. ನಾನು ಉರಿಯುವ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ ಮೇಲೆ ಕಾಯುತ್ತಿದ್ದೆ. ಬಹಳ ಹೊತ್ತಾಯಿತೆನ್ನುವಾಗ ಅವರು ಮೇಲೇರುವುದು ಕಂಡಿತು. ತಲೆ ನೀರಿನ ಮೇಲಕ್ಕೆ ಬರಲು ಒಂದು ತೋಳಿನಷ್ಟು ಉಳಿದಿತ್ತು. ಅಲ್ಲಿ ಕಾಲಾಡುವುದು ನಿಂತಿತು. ಬಂದೂಕು ಕೈಬಿಟ್ಟಿತು. ಬಂದ ದಾರಿಯಲ್ಲೇ ಮೆಲ್ಲಗೆ ಕೆಳಗಿಳಿಯತೊಡಗಿದರು.

ನಾನು ಕೂಗಿದೆ. ಮಾಡಬೇಕಾದುದು ಕೂಗುವುದಲ್ಲ, ಆದರೆ ನಾನು ಮಾಡಿದ್ದು ಅದನ್ನೇ. ಪಕ್ಕದ ಬಂಡೆಯಲ್ಲಿ ಪಚ್ಚಿಲೆ ಕೀಳುತ್ತಿದ್ದ ಮುದುಕರೊಬ್ಬರು ಕೇಳಿಸಿಕೊಂಡರು. ಅವರ ಸಲಕರಣೆ ಇಷ್ಟೆ: ಕಾಲಿಗೆ ಹತ್ತಿಯ ಕಾಲುಚೀಲ, ಕೈಯಲ್ಲಿ ಚಪ್ಪಟೆ ಕಬ್ಬಿಣ, ಸೊಂಟದಲ್ಲಿ ಬಲೆಯ ಚೀಲ ಮತ್ತು ಒಂದು ಚೂರಿ. ಮುಳುಗಿದರು. ಬಕಲು ಬಿಚ್ಚಲಾಗದೆ ಪಟ್ಟಿಯನ್ನು ಚೂರಿಯಿಂದ ಕೊಯ್ದು, ಭಾವನನ್ನು ಕಂಕುಳಿಗೆ ಕೈಹಾಕಿ ಮೇಲೆ ತಂದರು. ಮಾಸ್ಕನ್ನು ಕಿತ್ತು, ಮುಖವನ್ನು ನೀರಿನಿಂದ ಎತ್ತಿಹಿಡಿದು, ಕೆನ್ನೆಗೆ ಹೊಡೆದು, "ಉಸಿರು ತೆಗೆ ಮಗಾ, ಉಸಿರು ತೆಗೆ" ಎಂದು ಕಿವಿಯಲ್ಲಿ ಕೂಗಿದರು. ನೀಲಿಗಟ್ಟಿದ್ದ ತುಟಿ ಒಮ್ಮೆ ಅದುರಿತು. ಅವರು ಉಸಿರೆಳೆದ ಆ ಸದ್ದನ್ನು ನಾನು ಮರೆಯಲಾರೆ.

ಆ ರಾತ್ರಿ ಆಸ್ಪತ್ರೆಯಲ್ಲಿ ಭಾವ ಮತ್ತೆ ಮತ್ತೆ ಕೇಳಿದ್ದು ಒಂದೇ: "ನನಗೆ ಉಸಿರು ಕಟ್ಟಿದಂತೆಯೇ ಆಗಲಿಲ್ಲವಲ್ಲೋ?" ಆಗದಿದ್ದುದೇ ಅಪಾಯ. ಉಸಿರು ಬೇಕೆಂದು ದೇಹ ಒದ್ದಾಡುವುದು ಮುಖ್ಯವಾಗಿ ಇಂಗಾಲಾಮ್ಲ ವಾಯು ಹೆಚ್ಚಿದಾಗ; ಆಮ್ಲಜನಕ ತಗ್ಗಿದ್ದನ್ನು ಅದು ಬೇಗನೆ ಅರಿಯದು. ಜೋರುಜೋರಾಗಿ ಉಸಿರಾಡಿದರೆ ಆಮ್ಲಜನಕ ಹೆಚ್ಚೇನೂ ಕೂಡುವುದಿಲ್ಲ, ಎಚ್ಚರಿಸುವ ವಾಯು ಮಾತ್ರ ಹೊರಟುಹೋಗುತ್ತದೆ. ಇದರ ಮೇಲೆ ಬಾಯ್ಲನ ನಿಯಮ ಮತ್ತೆ. 10 ಮೀಟರು, ಎಂದರೆ ಸುಮಾರು ಐದೂವರೆ ಮಾರು ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಇಮ್ಮಡಿ. ಅಲ್ಲಿ ಪುಪ್ಪುಸದ ಆಮ್ಲಜನಕವೂ ಇಮ್ಮಡಿ ಒತ್ತಡದಲ್ಲಿರುವುದರಿಂದ ಮಿದುಳಿಗೆ ಸಾಲುತ್ತದೆ. ಮೇಲೇರುತ್ತಿದ್ದಂತೆ ಒತ್ತಡ ಇಳಿದು, ದಡ ಸೇರಿದೆವೆಂಬಾಗಲೇ ದೀಪ ಆರುತ್ತದೆ. ಒಳ್ಳೆಯ ಈಜುಗಾರರೇ ಹೀಗೆ ಹೋಗುವುದು ಹೆಚ್ಚು. ಜೊತೆಗಾರನು ಮೇಲೆ ತೇಲುತ್ತ ಕಣ್ಣಿಟ್ಟಿರುವುದಲ್ಲದೆ ಇದಕ್ಕೆ ಬೇರೆ ಸಲಕರಣೆ ಯಾವ ಅಂಗಡಿಯಲ್ಲಿಯೂ ಇಲ್ಲ. ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲಿರಬೇಕು. ಅವನು ಬಂದು ಕೆಲವು ಉಸಿರು ಎಳೆಯುವವರೆಗೂ ಅವನನ್ನೇ ನೋಡುತ್ತಿರಬೇಕು.

ಉಳಿದ ಸಾಮಾನು ಬೇಗ ಮುಗಿಯುತ್ತದೆ. ಉಸಿರುಗೊಳವೆ ಸಾದಾ ಇರಲಿ, ಕವಾಟ ಗಿವಾಟ ಬೇಡ. ಮುಳುಗುವಾಗ ಅದನ್ನು ಬಾಯಿಂದ ತೆಗೆದಿಡಬೇಕು. ಈಜುರೆಕ್ಕೆ ಮೆತ್ತನೆಯದಾಗಿರಲಿ, ಹಿಮ್ಮಡಿ ಕಚ್ಚದಿರಲಿ. ಗಟ್ಟಿ ಹಾಗೂ ಬಹಳ ಉದ್ದದ್ದು ಹೊಸಬನ ಮೀನಖಂಡಕ್ಕೆ ಕೂಡಲೇ ಸೆಳೆತ ತರುತ್ತದೆ. ಕೆಂಪು ತೇಲುಬುರುಡೆಯೊಂದು ಹಗ್ಗದೊಡನೆ ಇರಲೇಬೇಕು. ಹೊರದೇಶಗಳಲ್ಲಿ ಕೆಂಪಿನ ಮೇಲೆ ಓರೆಯಾದ ಬಿಳಿ ಗೆರೆಯುಳ್ಳ ಬಾವುಟ ಕಂಡರೆ ಕೆಳಗೆ ಜನರಿದ್ದಾರೆಂದು ದೋಣಿಯವರು ದೂರ ಸರಿಯುತ್ತಾರೆ. ನಮ್ಮ ಯಂತ್ರದ ದೋಣಿಗಳವರಿಗೆ ಮೊದಲೇ ಬಾಯಿಂದ ಹೇಳಿಡುವುದು ಲೇಸು. ಚೂರಿ ಚಿಕ್ಕದಾದರೂ ಹರಿತವಾಗಿರಬೇಕು. ಮೀನಿಗಲ್ಲ, ಕಾಲಿಗೆ ಸುತ್ತಿದ ಹಗ್ಗ ಬಲೆಗಳಿಗೆ. ಸೀಸವನ್ನು ಮುಂದೆ ಎಂದಾದರೂ ಕಟ್ಟಿದರೆ ಒಂದೇ ಕೈಯಿಂದ ಎಳೆದೊಡನೆ ಕಳಚುವ ಬಕಲಿರಲಿ. ಉಸಿರು ಪೂರಾ ಬಿಟ್ಟ ಮೇಲೂ ಮೈ ತೇಲುವಷ್ಟೇ ತೂಕವಿರಲಿ.

ಕೊನೆಯ ಸಾಲು ಆಯುಧ. ನಾನು ಹೇಳುವುದು ಬಂದೂಕಲ್ಲ. ಹಿಂತುದಿಯಲ್ಲಿ ರಬ್ಬರಿನ ಕುಣಿಕೆಯೂ ಮುಂತುದಿಯಲ್ಲಿ ಮೂರು ಮೊನೆಯೂ ಇರುವ ಕೈಈಟಿ. ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಎಳೆದು, ಬಿಗಿಹಿಡಿದು, ಗುರಿಯಿಟ್ಟು ಬಿಡುವುದು. ಮುಷ್ಟಿ ಸಡಿಲಿಸಿದರೆ ಅದು ನಿರಪಾಯವಾದ ಕೋಲು. ಎಟುಕುವುದು ಒಂದು ಮಾರಿನಷ್ಟು ಮಾತ್ರ. ಆದುದರಿಂದ ಮೀನಿನ ಬಳಿಗೆ ಹೋಗಲು ಕಲಿಯಲೇಬೇಕಾಗುತ್ತದೆ. ಬಂದೂಕು ಹೂಡಿದ ಮೇಲೆ ಮರೆವಿಗೆ ಎಡೆ ಕೊಡದು, ಗೆಳೆಯನನ್ನೂ ಮೀನನ್ನೂ ಬೇರೆಯಾಗಿ ನೋಡದು. ನುರಿತವರೂ ಅದನ್ನು ನೀರಿನಲ್ಲಲ್ಲದೆ ದಡದಲ್ಲಿ ಹೂಡುವುದಿಲ್ಲ.

ಭಾವ ಹೊರಡುವ ಮುನ್ನ ಮುದುಕರ ಮನೆಗೆ ಹೋಗಿ ಹಣದ ಲಕೋಟೆ ಇಟ್ಟರು. ಮುದುಕರು ಅದನ್ನು ಮುಟ್ಟಲಿಲ್ಲ. ಮಾಸ್ಕನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಮೂಗಿಗೂ ಮನೆ ಕಟ್ಟಿದ್ದಾರೆ" ಎಂದು ಇಟ್ಟುಕೊಂಡರು. ಬಂಡೆಯಡಿಯಿಂದ ಹೊರತೆಗೆದ ಬಂದೂಕನ್ನು ಅಕ್ಕ ಅಟ್ಟಕ್ಕೆ ಹಾಕಿದಳು. ಏಣಿಯನ್ನೂ ಪಕ್ಕದ ಮನೆಯವರಿಗೆ ಕೊಟ್ಟಳು.

ಗೆಳೆಯರೇ, ಬೇಸಗೆಯಲ್ಲಿ ಬರಬೇಡಿ. ಮೇ ಹೊತ್ತಿಗೆ ನಮ್ಮ ಕಡಲು ಕೆಡತೊಡಗುತ್ತದೆ, ಆಮೇಲೆ ಮಳೆ. ಡಿಸೆಂಬರಿನಲ್ಲಿ ಬನ್ನಿ. ಮಾಸ್ಕು ಮಾತ್ರ ನಿಮ್ಮ ಮುಖಕ್ಕೆ ನೀವೇ ನೋಡಿ ತನ್ನಿ, ಈಟಿ ನನ್ನ ಬಳಿ ಇದೆ. ಇಬ್ಬರೂ ಜೊತೆಯಾಗಿಯೇ ಬರಬೇಕು. ಒಬ್ಬನೇ ಬಂದರೆ ಮುದುಕರು ನೀರಿಗೆ ಬಿಡುವುದಿಲ್ಲ.