ಒಂದಿರುಳಿನ ಬಿಡಾರ

ಆಲಂಕಾರಿನಲ್ಲಿರುವ ನಮ್ಮ ಮನೆಯ ಜಗಲಿಗೆ ಬಾಗಿಲಿಲ್ಲ. ಅಂಗಳದಿಂದ ಮೂರು ಮೆಟ್ಟಿಲು ಏರಿದರೆ ಜಗಲಿ. ಅದನ್ನು ದಾಟಿದರೆ ಚಾವಡಿಯ ಬಾಗಿಲು. ಆ ಬಾಗಿಲಿಗೆ ಅಗಳಿಯುಂಟು; ಜಗಲಿಗೆ ತಡೆಯೆಂಬುದು ಎಂದೂ ಇದ್ದುದಿಲ್ಲ. 2023ರ ಬೇಸಗೆಯಲ್ಲಿ ಈ ಜಗಲಿಯ ವಿಷಯವಾಗಿಯೇ ಮನೆಯಲ್ಲಿ ಮಾತು ಬೆಳೆಯಿತು.

ಅಣ್ಣನದು ಕೃಷಿಕನ ಲೆಕ್ಕಾಚಾರ. ಮಳೆಗಾಲದಲ್ಲಿ ಅಡಕೆಗೆ ಕೊಳೆರೋಗ, ಈಚೆಗೆ ಎಲೆಚುಕ್ಕಿ ರೋಗ. ಮರವೇರಿ ಮದ್ದು ಬಿಡುವವರು ಹುಡುಕಿದರೂ ಸಿಗರು. ಉಪ್ಪರಿಗೆಯ ಎರಡು ಕೋಣೆಗಳು ಬರಿದಾಗಿ ಬಿದ್ದಿವೆ. ಮನೆಯ ಮುಂದಿನ ರಸ್ತೆಯಲ್ಲಿ ಕುಕ್ಕೆಗೆ ಹೋಗುವ ಕಾರುಗಳು ದಿನವಿಡೀ ಹರಿಯುತ್ತವೆ. ಕೋಣೆಗಳನ್ನು ಹೋಮ್‌ಸ್ಟೇ ಮಾಡಿ, ಜಗಲಿಗೆ ಕಬ್ಬಿಣದ ಸರಳು ಹಾಕಿಸಿ ಅದನ್ನೇ ಕಚೇರಿಯಾಗಿಸಿದರೆ ತೋಟದ ನಷ್ಟ ಒಂದಿಷ್ಟಾದರೂ ತುಂಬೀತು ಎಂಬುದು ಅವನ ಯೋಜನೆ. ತಂದೆಯವರು ವೀಳ್ಯ ಜಗಿಯುತ್ತ ಬಹಳ ಹೊತ್ತು ಸುಮ್ಮನಿದ್ದು, “ಮನೆಗೆ ಬಂದವನ ಹತ್ತಿರ ದುಡ್ಡು ಕೇಳುವುದು ಹೇಗೆ ಮಾರಾಯ?” ಎಂದರು.

ಅಣ್ಣ ನನ್ನ ಕಡೆ ತಿರುಗಿದ. “ನೀನು ಹೇಗೂ ಯೂರೋಪಿಗೆ ಹೊರಟವನಲ್ಲವಾ? ಅಲ್ಲಿಯವರು ಹೇಗೆ ಮಾಡುತ್ತಾರೆ ನೋಡಿಕೊಂಡು ಬಾ. ಚರ್ಚು, ಅರಮನೆ ಎಲ್ಲ ಆಮೇಲೆ.”

ಜರ್ಮನಿಯ ಡಾರ್ಟ್‌ಮುಂಡ್ ನಗರದಲ್ಲಿರುವ ಅಕ್ಕನ ಮನೆಗೆ ಕಾಲೇಜಿನ ರಜೆಯಲ್ಲಿ ಮೂರು ವಾರಗಳ ಮಟ್ಟಿಗೆ ಹೊರಟಿದ್ದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಸಿದ್ದು ಯೂರೋಪನ್ನು ಸುತ್ತಿ ‘ಅಪೂರ್ವ ಪಶ್ಚಿಮ’ವನ್ನು ಬರೆದವರು. ಅದೇ ಪುತ್ತೂರಿನಲ್ಲಿ ಪಾಠ ಹೇಳುವ ನಾನು ಅಣ್ಣನ ಅಪ್ಪಣೆಯಂತೆ ಅಲ್ಲಿಯ ಮಂಚ–ಹಾಸಿಗೆಗಳ ಪರೀಕ್ಷೆಗೆ ಹೋದಂತಾಯಿತು!

ಹೊರಡುವ ಮೊದಲು ನಮ್ಮಲ್ಲಿ ಏನಿತ್ತೆಂಬುದನ್ನು ನೆನೆದುಕೊಳ್ಳಬೇಕು. ನೇತ್ರಾವತಿ, ಕುಮಾರಧಾರೆಗಳು ಕೂಡುವ ಉಪ್ಪಿನಂಗಡಿಯಿಂದ ರಾಮಕುಂಜ, ಆಲಂಕಾರು, ಕಡಬಗಳ ಮೂಲಕ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿ ನಮ್ಮದು. ಬಸ್ಸುಗಳು ವಿರಳವಾಗಿದ್ದ ಕಾಲದಲ್ಲಿ, ಸಂಗಮದಲ್ಲಿ ಮಿಂದು ಮಧ್ಯಾಹ್ನದ ಊಟ ಮುಗಿಸಿ ಹೊರಟವನಿಗೆ ಆಲಂಕಾರು ಮುಟ್ಟುವಾಗ ಹೊತ್ತು ಕಂತುತ್ತಿತ್ತು. ಅಂಥವನು ಕಂಡ ಮನೆಯ ಜಗಲಿಯನ್ನು ಏರುತ್ತಿದ್ದ. ಮೊದಲು ಬೆಲ್ಲ–ನೀರು, ಆಮೇಲೆ “ಎಲ್ಲಿಂದ ಬಂದಿರಿ?” ಎಂಬ ಪ್ರಶ್ನೆ; ಊಟವಾದ ಮೇಲೆ ಒಂದು ಚಾಪೆ, ಒಂದು ಕಂಬಳಿ. ಬೆಳಗಾಗುವಾಗ ಚಾಪೆ ಸುತ್ತಿಟ್ಟಿರುತ್ತಿತ್ತು. ಹೀಗೆ ಮಲಗಿ ಎದ್ದು ಹೋದವರ ಹೆಸರು ನಮ್ಮ ಅಜ್ಜಿಗೆ ನೆನಪಿರಲಿಲ್ಲ. ಅವರು ಎಷ್ಟು ಉಂಡರೆಂಬುದು ಮಾತ್ರ ನೆನಪಿರುತ್ತಿತ್ತು.

ಜಗಲಿಯ ನಂತರದ್ದು ಕ್ಷೇತ್ರದ ಛತ್ರ. ಅದರ ಇಂದಿನ ರೂಪ ಕುಕ್ಕೆಯ ವಸತಿಗೃಹಗಳಲ್ಲಿಯೂ, ಗಂಗಾ, ಕಾವೇರಿ, ಶರಾವತಿ ಎಂದು ನದಿಗಳ ಹೆಸರು ಹೊತ್ತ ಧರ್ಮಸ್ಥಳದ ವಸತಿಗೃಹಗಳಲ್ಲಿಯೂ ಕಾಣುತ್ತದೆ. ಮೂರನೆಯದು ಬ್ರಿಟಿಷರು ಬಿಟ್ಟುಹೋದ ಪ್ರವಾಸಿ ಬಂಗಲೆ; ಅಧಿಕಾರಿಗೆ ಮೊದಲ ಹಕ್ಕು, ಉಳಿದವರಿಗೆ ಉಳಿದದ್ದು. ನಾಲ್ಕನೆಯದು ಪೇಟೆಯ ಲಾಡ್ಜು. ಐದನೆಯದು ಕೊಡಗಿನಲ್ಲಿ ಹೆಸರಾಗಿ ಎಲ್ಲೆಡೆ ಹಬ್ಬಿದ ಹೋಮ್‌ಸ್ಟೇ. ಒಂದೊಂದಕ್ಕೂ ಪ್ರವಾಸಿಯನ್ನು ಎದುರುಗೊಳ್ಳುವ ಒಂದೊಂದು ರೀತಿಯುಂಟು.

ಯೂರೋಪಿನಲ್ಲಿ ನನ್ನ ಮೊದಲ ಬಿಡಾರ ಒಂದು ಕೋಟೆ! ಡಾರ್ಟ್‌ಮುಂಡ್‌ಗೆ ಸಮೀಪದಲ್ಲಿ, ಲೆನ್ನೆ ನದಿಯ ಕಣಿವೆಯಲ್ಲಿ, ಆಲ್ಟೆನಾ ಎಂಬ ಪಟ್ಟಣವಿದೆ. ರಿಚರ್ಡ್ ಶಿರ್‍ಮಾನ್ ಎಂಬವರು ಅಲ್ಲಿಯ ಶಾಲಾ ಉಪಾಧ್ಯಾಯರು. 1909ರ ಆಗಸ್ಟಿನಲ್ಲಿ ಮಕ್ಕಳೊಡನೆ ಕಾಲ್ನಡಿಗೆಯ ಪ್ರವಾಸ ಹೋದಾಗ ಗುಡುಗುಮಳೆಗೆ ಸಿಕ್ಕಿ ಹಳ್ಳಿಯೊಂದರ ಶಾಲೆಯಲ್ಲಿ ಇರುಳು ಕಳೆಯಬೇಕಾಯಿತು. ರಜೆಯಲ್ಲಿ ಬರಿದಾಗಿರುವ ಶಾಲೆಗಳನ್ನೆಲ್ಲ ನಡೆದುಬರುವ ಮಕ್ಕಳಿಗೆ ಏಕೆ ತೆರೆದಿಡಬಾರದು ಎಂಬ ಯೋಚನೆ ಆ ರಾತ್ರಿ ಹೊಳೆಯಿತು. ಮುಂದೆ 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿಯೇ ಯುವಕರ ವಸತಿನಿಲಯ ಏರ್ಪಟ್ಟಿತು; ಜಗತ್ತಿನ ಯೂತ್ ಹಾಸ್ಟೆಲುಗಳಿಗೆಲ್ಲ ಅದೇ ಮೂಲ. ಅಂದಿನ ದಪ್ಪ ಮರದ ಅಂತಸ್ತಿನ ಮಂಚಗಳನ್ನು ಈಗಲೂ ಅಲ್ಲಿ ಕಾಪಿಟ್ಟಿದ್ದಾರೆ. ಜರ್ಮನಿಯ ಈ ನಿಲಯಗಳಲ್ಲಿ ತಂಗಲು ಸದಸ್ಯತ್ವ ಬೇಕು. ಹಾಸಿಗೆಗೆ ಹೊದಿಕೆಯನ್ನು ನಾವೇ ಹಾಸಿ, ಬೆಳಗ್ಗೆ ನಾವೇ ತೆಗೆದು ಕೊಡಬೇಕು. ಸುತ್ತಿಟ್ಟ ಚಾಪೆ ನನಗೆ ನೆನಪಾಯಿತು. ತರುಣರಿಗೂ, ಮಕ್ಕಳನ್ನು ಕರೆದುಕೊಂಡು ಹೋಗುವ ಮಿತವ್ಯಯದ ಸಂಸಾರಗಳಿಗೂ ಇಂಥ ಸ್ಥಳ ತಕ್ಕುದು.

ಎರಡನೆಯ ಅನುಭವಕ್ಕೆ ನೇರ ವಿರುದ್ಧವಾದ ಗುಣ. ದೊಡ್ಡ ನಗರವೊಂದರಲ್ಲಿ—ಯಾವುದೆಂಬುದು ಬೇಡ—ಮನುಷ್ಯರೇ ಇಲ್ಲದ ಹೊಟೇಲೊಂದರಲ್ಲಿ ಕೋಣೆ ಗೊತ್ತುಮಾಡಿದ್ದೆ. ಬಾಗಿಲಿನ ಗುಂಡಿಗಳ ಮೇಲೆ ಒತ್ತಬೇಕಾದ ಅಂಕಿಗಳು ಫೋನಿಗೆ ಬಂದಿದ್ದವು. ಬಾಗಿಲು ಮಾತ್ರ ಆ ಅಂಕಿಗಳನ್ನು ಒಪ್ಪಲಿಲ್ಲ. ರಾತ್ರಿ ಹನ್ನೊಂದು ಗಂಟೆ, ಹನಿಮಳೆ, ಹೆಗಲಲ್ಲಿ ಚೀಲ. ಅರ್ಧ ತಾಸಿನ ಬಳಿಕ ಒಳಗಿನಿಂದ ಯಾರೋ ಹೊರಗೆ ಬಂದುದರಿಂದ ನನಗೆ ಪ್ರವೇಶ ದೊರೆಯಿತು. ಕೋಣೆ ಅಚ್ಚುಕಟ್ಟಾಗಿತ್ತು, ಹಾಸಿಗೆ ಹತ್ತಿಯಂತಿತ್ತು. ಆದರೂ ಆ ರಾತ್ರಿ ನಿದ್ರೆ ಬರಲು ತಡವಾಯಿತು.

ಕನ್ನಡದ ಮೇಷ್ಟರ ಚಪಲ, ಮಲಗಿದಲ್ಲಿ ಪದಗಳ ಮೂಲವನ್ನು ಕೆದಕುತ್ತಿದ್ದೆ. ಹೊಟೇಲ್, ಹಾಸ್ಟೆಲ್, ಹಾಸ್ಪಿಟಲ್ ಮೂರೂ ಲ್ಯಾಟಿನ್ನಿನ ‘ಹೊಸ್ಪೆಸ್’ ಎಂಬುದರ ಸಂತತಿ. ನಮ್ಮ ಆಸ್ಪತ್ರೆಯೂ ಅದೇ ಕುಟುಂಬದ್ದು. ಆ ಶಬ್ದಕ್ಕೆ ಅತಿಥಿಯೆಂದೂ ಅರ್ಥ, ಆತಿಥೇಯನೆಂದೂ ಅರ್ಥ. ಆಲ್ಪ್ಸ್ ಪರ್ವತದಲ್ಲಿ 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ, ಹಿಮಕ್ಕೆ ಸಿಕ್ಕಿದ ದಾರಿಹೋಕರಿಗಾಗಿ ಸುಮಾರು 1050ರಲ್ಲಿ ಸಂನ್ಯಾಸಿಗಳು ಕಟ್ಟಿದ ತಂಗುದಾಣ ಇಂದಿಗೂ ನಡೆಯುತ್ತಿದೆ. ಹೊಟೇಲಿಗೂ ಆಸ್ಪತ್ರೆಗೂ ಬೇರೆ ಬೇರೆ ಮನೆ ಮಾಡಿಕೊಡುವ ಮುನ್ನ ಯೂರೋಪು ಎರಡನ್ನೂ ಒಂದೇ ಸೂರಿನಡಿ ಇರಿಸಿತ್ತು. ನಮ್ಮ ‘ಅತಿಥಿ’ಯಾದರೋ ತಿಥಿಯನ್ನು ತಿಳಿಸದೆ ಬರುವವನು ಎಂದು ಹಿರಿಯರು ಬಿಡಿಸಿ ಹೇಳುತ್ತಾರೆ. ಹಾಗಿದ್ದ ಮೇಲೆ ತಿಂಗಳ ಮೊದಲೇ ದಿನ ಗೊತ್ತುಮಾಡಿ, ಮುಂಗಡ ಕಟ್ಟಿ ಬರುವವನು ಯಾರು? ತಂದೆಯವರ ಸಂಕಟದ ಬೇರು ಇಲ್ಲಿಯೇ ಇದ್ದಂತೆ ಕಂಡಿತು.

ಇಟಲಿಯ ಟಸ್ಕನಿಯಲ್ಲಿ ಅಣ್ಣನಿಗೆ ಬೇಕಾದುದು ಸಿಕ್ಕಿತು. ಅಲ್ಲಿ ‘ಆಗ್ರಿತುರಿಸ್ಮೊ’ ಎಂಬ ಏರ್ಪಾಡುಂಟು. ಕೃಷಿಕನು ತನ್ನ ತೋಟದ ಮನೆಯಲ್ಲಿ ಪ್ರವಾಸಿಗಳನ್ನು ಹಣ ಪಡೆದು ಇರಿಸಿಕೊಳ್ಳುತ್ತಾನೆ. ಇದಕ್ಕಾಗಿ ಆ ದೇಶ 1985ರಲ್ಲಿಯೇ ಕಾನೂನು ಮಾಡಿತು. ಬೇಸಾಯವೇ ಮುಖ್ಯ ಕಸುಬಾಗಿ ಉಳಿಯತಕ್ಕದ್ದು, ಅತಿಥಿಸತ್ಕಾರ ಅದಕ್ಕೆ ಪೂರಕವಾಗಿರತಕ್ಕದ್ದು ಎಂಬುದು ಅದರ ಸಾರ. ದ್ರಾಕ್ಷಿ, ಆಲಿವ್ ಬೆಳೆಯುವ ಮನೆಯೊಂದರಲ್ಲಿ ಎರಡು ರಾತ್ರಿ ಇದ್ದೆ. ಮನೆಯ ಯಜಮಾನತಿ ಎಪ್ಪತ್ತು ದಾಟಿದ ಅಜ್ಜಿ. ನಾನು ಮಾಂಸ ತಿನ್ನುವವನಲ್ಲವೆಂದು ತಿಳಿದು ಒಲೆಯ ಮುಂದೆ ಹತ್ತು ನಿಮಿಷ ಗೊಣಗಿ, ಬಳಿಕ ಹುರುಳಿಯಷ್ಟು ದಪ್ಪದ ಕಾಳುಗಳ ಸಾರನ್ನು ಎರಡು ಸಲ ಬಡಿಸಿದಳು. ಹೊರಡುವ ದಿನ ಲೆಕ್ಕದ ಚೀಟಿಯನ್ನು ಸಂಕೋಚವಿಲ್ಲದೆ ಕೈಗಿತ್ತಳು. ಒಂದು ಸಣ್ಣ ಬಾಟಲಿ ಎಣ್ಣೆಯನ್ನೂ ಇತ್ತಳು. ಎಣ್ಣೆ ಚೀಟಿಯಲ್ಲಿ ಇರಲಿಲ್ಲ. ಇಂಗ್ಲೆಂಡಿನಲ್ಲಿ ಮಲಗಲು ಹಾಸಿಗೆ, ಬೆಳಗಿನ ಉಪಾಹಾರ ಇಷ್ಟನ್ನೇ ಕೊಡುವ ಮನೆಗಳೂ ಇದೇ ಬಳಗದವು. ವೃದ್ಧರನ್ನು ಕರೆದೊಯ್ಯುವವರಿಗೆ ಇಂಥ ಮನೆಗಳಿಗಿಂತ ಹಿತವಾದುದನ್ನು ನಾನು ಕಾಣೆ.

ಕೊನೆಯ ವಾರ ಸ್ಪೇನಿನಲ್ಲಿ. ಅಲ್ಲಿಯ ಸ್ಯಾಂತಿಯಾಗೊ ಕ್ಷೇತ್ರಕ್ಕೆ ಶತಮಾನಗಳಿಂದ ಜನ ನಡೆದು ಹೋಗುತ್ತಾರೆ; ಕನಿಷ್ಠ 100 ಕಿ.ಮೀ. ನಡೆದವರಿಗೆ ಅಲ್ಲಿ ಯಾತ್ರೆಯ ಪತ್ರ ದೊರೆಯುತ್ತದೆ. ನಮ್ಮ ದಾರಿಯ ಹುಡುಗನಾದ ನನಗೆ ಆ ದಾರಿಯನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಸಾರ್‍ರಿಯಾ ಎಂಬ ಊರಿನಿಂದ ಐದು ದಿನ ನಡೆದೆ. ಯಾತ್ರಿಕರ ತಂಗುದಾಣಕ್ಕೆ ಅಲ್ಲಿ ‘ಆಲ್ಬೆರ್ಗೆ’ ಎನ್ನುತ್ತಾರೆ. ಒಂದು ಕೋಣೆಯಲ್ಲಿ ಹತ್ತಾರು ಮಂಚ. ಸಾಮಾನ್ಯವಾಗಿ ಒಂದೇ ರಾತ್ರಿಯ ವಾಸ. ಹತ್ತು ಗಂಟೆಗೆ ದೀಪ ಆರುತ್ತದೆ. ಕೆಲವಕ್ಕೆ ದರವುಂಟು, ಕೆಲವಕ್ಕೆ ಬಾಗಿಲ ಬಳಿ ಒಂದು ಪೆಟ್ಟಿಗೆ ಮಾತ್ರ, ಹಾಕಿದಷ್ಟು. ಒಂದು ಸಂಜೆ ಕಾಲಿನಲ್ಲಿ ಗುಳ್ಳೆಯೆದ್ದು ಕುಂಟುತ್ತ ಬಂದ ನನ್ನನ್ನು ಕಂಡು, ಅಲ್ಲಿ ಸೇವೆಗೆ ನಿಂತಿದ್ದ ಹೆಂಗಸು ಕುರ್ಚಿ ತೋರಿಸಿ ನೀರು ತಂದಿಟ್ಟಳು. ಆಮೇಲೆ ಕೇಳಿದಳು, ಎಲ್ಲಿಂದ ಬಂದಿರಿ ಎಂದು. ಆ ಕ್ರಮವನ್ನು ಅವಳಿಗೆ ನನ್ನ ಅಜ್ಜಿ ಕಲಿಸಿರಲಿಲ್ಲ.

ಜೂನಿನ ಮಳೆ ಹಿಡಿಯುವಾಗ ಊರಿಗೆ ಬಂದು ವರದಿ ಒಪ್ಪಿಸಿದೆ. ದುಡ್ಡು ಕೇಳುವುದು ಅಪಮಾನವಲ್ಲ, ಕೇಳಿದ ಮೇಲೆ ಮುಖ ತಿರುಗಿಸುವುದು ಅಪಮಾನ ಎಂದೆ. ಇಟಲಿಯ ಕಾನೂನನ್ನು ಹೇಳಿದಾಗ ತಂದೆಯವರು ತಲೆದೂಗಿದರು. “ಹಾಗಾದರೆ ತೋಟ ಮೊದಲು” ಎಂದರು. ಉಪ್ಪರಿಗೆಗೆ ದರ ಗೊತ್ತಾಯಿತು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಯಿತು. ವಿದೇಶೀಯರು ಬಂದರೆ ಆಗ 24 ಗಂಟೆಗಳೊಳಗೆ ಸಲ್ಲಿಸಬೇಕಾಗಿದ್ದ ‘ಸಿ’ ನಮೂನೆಯನ್ನೂ ಅಣ್ಣ ಕಲಿತ. ಕಚೇರಿಯ ಮೇಜು ಚಾವಡಿಗೆ ಹೋಯಿತು. ಜಗಲಿಗೆ ಸರಳು ಬರಲಿಲ್ಲ.

ಆ ವರ್ಷದ ಚಂಪಾಷಷ್ಠಿಯ ಹಿಂದಿನ ದಿನ ಎರಡು ಕೋಣೆಗಳೂ ಬೆಂಗಳೂರಿನ ಸಂಸಾರವೊಂದರಿಂದ ತುಂಬಿದ್ದವು. ಕತ್ತಲಾದ ಮೇಲೆ ಬಟ್ಟೆಯ ಚೀಲ ಹಿಡಿದ ಮುದುಕರೊಬ್ಬರು ಮೆಟ್ಟಿಲ ಬಳಿ ನಿಂತರು. ಮೂಡಬಿದಿರೆಯ ಕಡೆಯವರು, ಕುಕ್ಕೆಗೆ ನಡೆದು ಹೋಗುವ ಹರಕೆಯಂತೆ. ಅಣ್ಣ ಒಂದು ಗಳಿಗೆ ತಂದೆಯವರ ಮುಖ ನೋಡಿದ. ತಂದೆಯವರು ಆಗಲೇ ಬೆಲ್ಲ ತರಲು ಒಳಗೆ ಹೋಗಿದ್ದರು. ರಾತ್ರಿ ಬಹಳ ಹೊತ್ತು, ಉಪ್ಪರಿಗೆಯಿಂದ ಇಳಿದು ಬಂದ ಬೆಂಗಳೂರಿನ ಹುಡುಗನೊಬ್ಬ ಜಗಲಿಯಲ್ಲಿ ಕುಳಿತು ಆ ಮುದುಕರ ದಾರಿಯ ಕಥೆ ಕೇಳುತ್ತಿದ್ದ.

ಬೆಳಗ್ಗೆ ನಾವು ಏಳುವಾಗ ಅವರು ಹೋಗಿದ್ದರು. ಸುತ್ತಿಟ್ಟ ಚಾಪೆಯ ಮೇಲೆ, ಹಾರದಂತೆ ಒಂದು ಅಡಕೆಯ ಭಾರವಿರಿಸಿದ ಹತ್ತು ರೂಪಾಯಿಯ ನೋಟಿತ್ತು. “ಇದನ್ನು ಯಾವ ಲೆಕ್ಕಕ್ಕೆ ಬರೆಯಲಿ ಅಪ್ಪ?” ಎಂದು ಅಣ್ಣ ನಗುತ್ತ ಕೇಳಿದ. ತಂದೆಯವರು ಉತ್ತರ ಕೊಡದೆ, ನೋಟನ್ನು ಕಣ್ಣಿಗೊತ್ತಿಕೊಂಡು ದೇವರ ಕೋಣೆಯ ಕಾಣಿಕೆಯ ಡಬ್ಬಿಗೆ ಹಾಕಿದರು. ಅಡಕೆಯನ್ನು ಮಾತ್ರ ಕವಳಕ್ಕೆಂದು ಇಟ್ಟುಕೊಂಡರು.