ನಮ್ಮ ಮನೆಯ ಟ್ಯಾಂಕ್ ಯುದ್ಧ

ಸಿಕಂದರಾಬಾದಿನಲ್ಲಿ ಸಂಸಾರ ಹೂಡಿದವರಿಗೆ ‘ಟ್ಯಾಂಕ್’ ಎಂದರೆ ಮೊದಲು ನೆನಪಾಗುವುದು ನೀರು. ಕಳೆದ ಬೇಸಿಗೆಯ ಒಂದು ಶನಿವಾರ ಪಾರ್ಕ್ ಲೇನಿನಿಂದ ಮನೆಗೆ ಫೋನ್ ಮಾಡಿ, “ಟ್ಯಾಂಕ್ ತರಾಕತ್ತೀನಿ” ಎಂದೆ. ನನ್ನಾಕೆ ಪರಮ ಸಂತೋಷದಿಂದ, “ಎಷ್ಟು ಲೀಟರಿಂದು?” ಎಂದು ಕೇಳಿದಳು. ಮನೆಗೆ ಬಂದು ಕೈಚೀಲದಿಂದ ಬೆರಳುದ್ದದ ಒಂದು ಕಡ್ಡಿಯನ್ನೂ ಎರಡು ಗುಂಡಿಪೆಟ್ಟಿಗೆಗಳನ್ನೂ ತೆಗೆದಿಟ್ಟಾಗ ಆಕೆ ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ. ವಿವಾಹಿತ ವಾಚಕರು ಊಹಿಸಿಕೊಳ್ಳಬಹುದು.

ಆಕೆಯ ತಪ್ಪೂ ಇಲ್ಲವೆನ್ನಿ. ಹೈದರಾಬಾದಿಗೂ ನಮ್ಮ ಸಿಕಂದರಾಬಾದಿಗೂ ನಡುವೆ ಇರುವ ಹುಸೇನ್ ಸಾಗರದ ಏರಿಗೆ ಟ್ಯಾಂಕ್ ಬಂಡ್ ಎಂದೇ ಹೆಸರು. ಹದಿನಾರನೆಯ ಶತಮಾನದ ಕೆರೆ ಅದು. ಯುದ್ಧದ ಟ್ಯಾಂಕಿಗೆ ಆ ಹೆಸರು ಬಂದದ್ದೂ ನೀರಿನಿಂದಲೇ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲಿಷರು ಈ ಹೊಸ ವಾಹನವನ್ನು ಗುಟ್ಟಾಗಿ ತಯಾರಿಸುತ್ತಿದ್ದಾಗ, ಕೇಳಿದವರಿಗೆ ಇದು ನೀರಿನ ತೊಟ್ಟಿ ಎಂದು ಹೇಳಿ ನಂಬಿಸಿದರು. 1916ರ ಸೆಪ್ಟೆಂಬರಿನಲ್ಲಿ ಅದು ಫ್ರಾನ್ಸಿನ ರಣರಂಗಕ್ಕೆ ಇಳಿದಾಗ ಗುಟ್ಟು ಹೋಯಿತು, ಹೆಸರು ಮಾತ್ರ ಉಳಿಯಿತು. ಇದನ್ನು ನನ್ನಾಕೆಗೆ ವಿವರಿಸಿದೆ. “ಹಾಗಾದ್ರ ನೀವೂ ಇಂಗ್ಲಿಷರಂಗ ಸುಳ್ಳು ಹೇಳಿದ್ರಿ” ಎಂದಳು.

ನಾನು ತಂದದ್ದು ಹಳೆಯ ವಿಡಿಯೋ ಆಟಗಳ ಕಡ್ಡಿ. ಟಿ.ವಿ.ಯ ಹಿಂದೆ ಸಿಕ್ಕಿಸಿದರೆ ನೂರಾರು ಆಟಗಳು ಬರುತ್ತವೆ. ನನಗೆ ಬೇಕಾಗಿದ್ದದ್ದು ಒಂದೇ. ಜಪಾನಿನ ನಾಮ್ಕೋ ಕಂಪನಿ 1985ರಲ್ಲಿ ಹೊರತಂದ ‘ಬ್ಯಾಟಲ್ ಸಿಟಿ’. ನಮ್ಮ ರಾಯಚೂರಿನ ಹುಡುಗರು ಅದನ್ನು ‘ಟ್ಯಾಂಕ್ ಆಟ’ ಎಂದಷ್ಟೇ ಕರೆಯುತ್ತಿದ್ದೆವು.

1993ರ ಬೇಸಿಗೆ ರಜೆ. ನನಗೆ ಹನ್ನೆರಡು ವರ್ಷ, ಅಣ್ಣನಿಗೆ ಹದಿನಾರು. ನಮ್ಮ ಓಣಿಯಲ್ಲಿ ಒಬ್ಬರು ಮನೆಯ ಪಡಸಾಲೆಯಲ್ಲೇ ವಿಡಿಯೋ ಗೇಮ್ ಇಟ್ಟು ಗಂಟೆಯ ಲೆಕ್ಕದಲ್ಲಿ ಆಡಿಸುತ್ತಿದ್ದರು. ಮೂಲ ಜಪಾನಿ ಯಂತ್ರವಲ್ಲ, ಅದರ ನಕಲು. ಅವ್ವ ಮಜ್ಜಿಗೆಗೆಂದು ಕೊಟ್ಟ ಹಣವೆಲ್ಲ ಅಲ್ಲಿಗೇ ಹೋಗುತ್ತಿತ್ತು. ಅಣ್ಣನದು ಹಳದಿ ಟ್ಯಾಂಕು, ನನ್ನದು ಹಸಿರು. ಹಿರಿಯವನಾದ್ದರಿಂದ ಹಳದಿ ಅವನ ಹಕ್ಕು. ಅದರಲ್ಲಿ ವಾದವಿರಲಿಲ್ಲ.

ಆಟ ಅರಿಯದವರಿಗೆ ನಾಲ್ಕು ಮಾತು ಹೇಳಬೇಕು. ಪರದೆಯ ಕೆಳಗೆ ನಡುವೆ ಒಂದು ಹದ್ದಿನ ಗುರುತು. ಅದೇ ನಮ್ಮ ಕೋಟೆ. ಅದರ ಸುತ್ತ ಇಟ್ಟಿಗೆಯ ಗೋಡೆ. ಮೇಲಿನಿಂದ ಶತ್ರುಗಳ ಇಪ್ಪತ್ತು ಟ್ಯಾಂಕುಗಳು ಒಂದೊಂದಾಗಿ ಇಳಿದು ಬರುತ್ತವೆ. ಎಲ್ಲವನ್ನೂ ಹೊಡೆದರೆ ಮುಂದಿನ ಹಂತ. ಇಟ್ಟಿಗೆ ಗುಂಡಿಗೆ ಒಡೆಯುತ್ತದೆ, ಉಕ್ಕು ಸಾಮಾನ್ಯ ಗುಂಡಿಗೆ ಒಡೆಯುವುದಿಲ್ಲ. ಗಿಡಗಳ ಕೆಳಗೆ ಅಡಗಬಹುದು, ಮಂಜುಗಡ್ಡೆಯ ಮೇಲೆ ಜಾರಬೇಕಾಗುತ್ತದೆ. ಸಲಿಕೆಯ ಗುರುತು ಸಿಕ್ಕಿದರೆ ಹದ್ದಿನ ಸುತ್ತಣ ಇಟ್ಟಿಗೆ ಸ್ವಲ್ಪ ಹೊತ್ತು ಉಕ್ಕಾಗುತ್ತದೆ. ಬಿ.ಎಸ್ಸಿ.ಯಲ್ಲಿ ನಾನು ಓದಿದ ಕ್ಷಿಪಣಿಯ ಸೂತ್ರಗಳು ಇಲ್ಲಿ ನಡೆಯವು. ಗುಂಡು ನೆಟ್ಟಗೇ ಹೋಗುತ್ತದೆ. ಆದರೆ ಹೊಸದರಲ್ಲಿ ಒಮ್ಮೆಗೆ ಒಂದೇ ಗುಂಡು. ದೂರಕ್ಕೆ ಹೊಡೆದರೆ, ಅದು ಎಲ್ಲಿಗಾದರೂ ತಾಗುವವರೆಗೆ ಎರಡನೆಯದಿಲ್ಲ.

ಇನ್ನೆರಡು ನಿಯಮಗಳಿವೆ. ಜೊತೆಗಾರನಿಗೆ ನಮ್ಮ ಗುಂಡು ತಗುಲಿದರೆ ಅವನು ಸಾಯುವುದಿಲ್ಲ, ಆದರೆ ಸ್ವಲ್ಪ ಹೊತ್ತು ನಿಂತಲ್ಲೇ ಮರಗಟ್ಟುತ್ತಾನೆ. ನಮ್ಮ ಗುಂಡು ನಮ್ಮ ಹದ್ದಿಗೇ ತಗುಲಿದರೆ ಆಟ ಅಲ್ಲಿಗೇ ಮುಗಿಯಿತು. ಎಷ್ಟು ಪ್ರಾಣ ಉಳಿದಿದ್ದರೂ ಪ್ರಯೋಜನವಿಲ್ಲ. ಅವಸರದಲ್ಲಿ ನಾನು ಎಷ್ಟು ಸಲ ಹದ್ದನ್ನು ಹೊಡೆದಿದ್ದೇನೋ! ಅಣ್ಣ ತಲೆಗೆ ಮೊಟಕಿ, “ವೈರಿ ಬ್ಯಾಡ ಬಿಡಪಾ, ನಮಗ ನೀನಽ ಸಾಕು” ಎನ್ನುತ್ತಿದ್ದ. ಮತ್ತೆ ಹಣ ಕೊಟ್ಟು ಆಡಿಸುವವನೂ ಅವನೇ.

ಈಗ ಮಗನ ಮಾತು. ಚಿರಂಜೀವಿಗೆ ಹದಿಮೂರು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಗೆಳೆಯರೊಡನೆ ದಖ್ಖನಿ ಹಿಂದಿ. ನಮ್ಮ ಕನ್ನಡಕ್ಕೆ ಅವನ ಉತ್ತರ ಬರುವುದು ಹೆಚ್ಚಾಗಿ ಈ ಮೂರರಲ್ಲೊಂದರಲ್ಲಿ. ಇದು ನಮ್ಮ ಸಂಘದ ಅನೇಕ ಮನೆಗಳ ಕಥೆಯೇ. ಮೊದಲು ಒಬ್ಬನೇ ಆಡಿ, “ಬೋರಿಂಗ್” ಎಂದು ತೀರ್ಪಿತ್ತ. ನಾನು ಎರಡನೆಯ ಗುಂಡಿಪೆಟ್ಟಿಗೆ ಹಿಡಿದು ಸೋಫಾದ ಮೇಲೆ ಅವನ ಪಕ್ಕಕ್ಕೆ ಕುಳಿತೆ. ಹಳದಿಯನ್ನು ಅವನಿಗೇ ಬಿಟ್ಟುಕೊಟ್ಟೆ. ಐದೇ ನಿಮಿಷದಲ್ಲಿ ನನ್ನ ಬಾಯಿಂದ ಮೂವತ್ತು ವರ್ಷ ಹಿಂದಿನ ರಾಯಚೂರು ಹೊರಬಿತ್ತು: “ಎಡಕ್ಕ ಬಾರಲೇ! ಹಿಂದ ನೋಡು! ಗ್ವಾಡಿ ಒಡೀಬ್ಯಾಡ!” ಅರ್ಧ ಗಂಟೆಯ ಹೊತ್ತಿಗೆ ಮಗನೂ, “ಅಪ್ಪ, ನೀ ಸರಿ, ನಾ ಹೊಡೀತೀನಿ” ಎಂದು ಕೂಗುತ್ತಿದ್ದ. ಅಡಿಗೆ ಮನೆಯಿಂದ ನನ್ನಾಕೆ ಇಣುಕಿ ನೋಡಿದಳು. ಟ್ಯಾಂಕಿನ ಮೇಲಿನ ಸಿಟ್ಟು ಅಂದಿಗೆ ಇಳಿಯಿತು.

ಆಮೇಲೆ ಮಗ ಹದ್ದನ್ನು ಹೊಡೆದ. “ವೈರಿ ಬ್ಯಾಡ ಬಿಡಪಾ, ನಮಗ ನೀನಽ ಸಾಕು” ಎಂದೆ, ನನಗೆ ತಿಳಿಯದಂತೆಯೇ. ಅವನು ನಕ್ಕು, “ಯಾರು ಹಾಂಗ ಅಂತಿದ್ರು?” ಎಂದ.

“ನಿಮ್ಮ ದೊಡ್ಡಪ್ಪ.”

“ಯಾವ ದೊಡ್ಡಪ್ಪ?”

ಓದುಗರೇ, ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯ ಪಾಲಿನ ಮಾತು ಬಂತು. ಅಣ್ಣ ಅಲ್ಲೇ ಇದ್ದು ಅಪ್ಪ-ಅವ್ವನನ್ನು ನೋಡಿಕೊಂಡವನು. ನಾನು ರಾತ್ರಿಯ ಒಂದು ಪ್ರಯಾಣದಷ್ಟು ದೂರವೂ ಇಲ್ಲದ ಊರಿನಲ್ಲಿದ್ದು ಹಬ್ಬಕ್ಕೆ ಹೋಗಿ ಬರುತ್ತಿದ್ದವನು. ಆದರೂ ವಕೀಲರ ನೋಟೀಸು ಕಳಿಸಿದವನು ನಾನು. ವಕೀಲರ ಕರಡನ್ನು ತಿದ್ದಿದ್ದೂ ನಾನೇ. ಹದಿನೆಂಟು ವರ್ಷ ಸರ್ಕಾರಿ ಪತ್ರ ಬರೆದ ಕೈ, ಒಂದು ಪದವೂ ಸಡಿಲವಿರಲಿಲ್ಲ. ರಿಜಿಸ್ಟರ್ಡ್ ಅಂಚೆಯಲ್ಲಿ ದೂರದಿಂದ ಹೊಡೆದ ಗುಂಡು ಅದು. ಅದು ಹೋಗಿ ತಾಗಿದ ಮೇಲೆ ಅಣ್ಣ ಮರಗಟ್ಟಿದ. ಅಂಗಳದ ನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಆರು ವರ್ಷ ಮಾತಿಲ್ಲ. ಮಗ ಆಗ ಏಳರ ಹುಡುಗ. ದೊಡ್ಡಪ್ಪನ ಮುಖ ಅವನಿಗೆ ಮರೆತೇ ಹೋಗಿತ್ತು.

ಆ ರಾತ್ರಿ ಊಟವಾದ ಮೇಲೆ ಬಾಲ್ಕನಿಗೆ ಹೋಗಿ ಫೋನ್ ಮಾಡಿದೆ. ಅಣ್ಣ ಎತ್ತಿದ. “ಏನು?” ಎಂದ, ಅಷ್ಟೇ. ಕಚೇರಿಯ ಕರಡುಗಳೆಲ್ಲ ನನ್ನ ತಲೆಯಿಂದ ಹಾರಿಹೋದವು. “ಅಣ್ಣಾ, ಮನ್ಯಾಗ ಟ್ಯಾಂಕ್ ಆಟ ತಂದೀನಿ. ಹುಡುಗನ ಜೋಡಿ ಆಡಿದೆ” ಎಂದೆ. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಫೋನ್ ಕಡಿದುಹೋಯಿತೆಂದುಕೊಂಡೆ. ಆಮೇಲೆ ಕೇಳಿದ:

“ಹಳದಿ ಯಾರು ತಗೊಂಡ್ರು?”

“ಹುಡುಗ ತಗೊಂಡಾನ. ನಂದು ಹಸುರಽ.”

“ಹಂ” ಎಂದ. “ಹದ್ದು ಹೊಡದೇನು?”

“ಹೊಡದೀನಿ ಅಣ್ಣಾ” ಎಂದೆ. ಅವನಿಗೂ ಅರ್ಥವಾಯಿತೆಂದು ತೋರುತ್ತದೆ.

ಗೋಡೆ ಇನ್ನೂ ಇದೆ. ಕಾಗದಪತ್ರಗಳ ವ್ಯವಹಾರವೂ ಮುಗಿದಿಲ್ಲ. ಅದು ಒಂದು ಫೋನಿನಿಂದ ಮುಗಿಯುವಂಥದ್ದಲ್ಲ. ಆದರೆ ದಸರೆಯ ರಜೆಗೆ ರಾಯಚೂರಿಗೆ ಮೂರು ಟಿಕೀಟು ಕಾಯ್ದಿರಿಸಿದ್ದೇನೆ. ಆಟದ ಕಡ್ಡಿಯನ್ನು ಮಗ ಈಗಲೇ ಚೀಲದಲ್ಲಿಟ್ಟುಕೊಂಡಿದ್ದಾನೆ. ಗುಂಡಿಪೆಟ್ಟಿಗೆ ಇರುವುದು ಎರಡೇ. ಅಣ್ಣ ಆಡುತ್ತೇನೆಂದರೆ ಮಗನೊಡನೆ ಅವನೇ ಆಡಲಿ. ನಾನು ಹಿಂದೆ ಕುಳಿತು ನೋಡುತ್ತೇನೆ.

ನೀರಿನ ಟ್ಯಾಂಕಿನ ವಿಷಯ ಮಾತ್ರ ನನ್ನಾಕೆ ಇನ್ನೂ ಮರೆತಿಲ್ಲ.