ತಳದ ಮಡ್ಡಿ

ಕಾಸರಗೋಡಿನ ಕಡೆ ನಮ್ಮ ಹಳೆಯ ಮನೆಯಲ್ಲಿ ತೆಂಗಿನೆಣ್ಣೆಯ ಭರಣಿಯನ್ನು ವರ್ಷಕ್ಕೊಮ್ಮೆಯಾದರೂ ಬರಿದು ಮಾಡಿ, ತಳ ಕೆರೆದು, ಬಿಸಿಲಿಗೆ ಕವುಚಿ ಹಾಕುವ ಪದ್ಧತಿಯಿತ್ತು. ಮೇಲಿನ ಎಣ್ಣೆ ಎಷ್ಟೇ ತಿಳಿಯಾಗಿದ್ದರೂ ತಳದ ಮಡ್ಡಿ ಹಾಗೆಯೇ ಉಳಿದರೆ ಮೇಲೆ ಸುರಿದ ಹೊಸ ಎಣ್ಣೆಗೂ ಕಮಟು ಹಿಡಿಯುತ್ತದೆ ಎಂಬುದು ಮನೆಯ ಹೆಂಗಸರಿಗೆಲ್ಲ ಗೊತ್ತಿದ್ದ ವಿಚಾರ. ನಮ್ಮ ಮಡ್ಡಿಯೇ ಮಲಯಾಳದಲ್ಲಿ ಮಟ್ಟು, ತಮಿಳಿನಲ್ಲಿ ಮಂಡಿ. ಮೂರು ಭಾಷೆಗಳ ನಡುವೆ ಬದುಕಿದ ನನಗಂತೂ ಈ ಮೂರೂ ಒಂದೇ ಪಾತ್ರೆಯ ತಳದಿಂದ ಎದ್ದು ಬಂದ ಮಾತುಗಳಂತೆ ಕೇಳಿಸುತ್ತವೆ.

ನಾನು ಹೊಸೂರಿಗೆ ಬಂದದ್ದು 1982ರಲ್ಲಿ. ಅಕ್ಕ ಮತ್ತು ಭಾವ ಮೊದಲೇ ಇಲ್ಲಿ ನೆಲೆಸಿದ್ದರು. ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬೆಳೆಯುತ್ತಿದ್ದ ಕಾಲ ಅದು. 1980ರಲ್ಲಿ ಅಶೋಕ್ ಲೇಲ್ಯಾಂಡಿನ ಕಾರ್ಖಾನೆ ಬಂತು, ಅದೇ ವರ್ಷ ಇಲ್ಲಿಂದಲೇ ಟಿವಿಎಸ್ 50 ಮೊಪೆಡ್ ಹೊರಬಿತ್ತು. ಊರು ಅಂದು ಧರ್ಮಪುರಿ ಜಿಲ್ಲೆಗೆ ಸೇರಿತ್ತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆ ಬದಲಾದರೂ ಸಂತೆಯ ಮಾತು ಬದಲಾಗಲಿಲ್ಲ. ಬೆಲೆ ಕೇಳುವುದು ತೆಲುಗಿನಲ್ಲಿ, ಚೌಕಾಸಿ ಕನ್ನಡದಲ್ಲಿ, ಲೆಕ್ಕ ತಮಿಳಿನಲ್ಲಿ. ಗಡಿಯಲ್ಲಿ ಹುಟ್ಟಿ ಬೆಳೆದ ನಮಗೆ ಇದೇನೂ ಹೊಸದಲ್ಲ.

ಭಾವನ ಬಳಿ 1978ರ ಎನ್‌ಫೀಲ್ಡ್ ಬುಲೆಟ್ ಒಂದಿತ್ತು. ಈ ಗಾಡಿಯ ಹೊಟ್ಟೆಯ ವಿಚಾರ ಸ್ವಲ್ಪ ಹೇಳಬೇಕು. ಸಾಮಾನ್ಯ ಕಾರುಗಳಲ್ಲಿ ಎಂಜಿನ್ನಿನ ಎಣ್ಣೆ ಅದರ ಅಡಿಯ ತಟ್ಟೆಯಲ್ಲೇ ನಿಂತಿರುತ್ತದೆ. ಹಳೆಯ ಬುಲೆಟ್ಟಿನಲ್ಲಿ ಹಾಗಲ್ಲ. ಎಣ್ಣೆಗೆ ಬೇರೆಯೇ ಒಂದು ಕೋಣೆ. ಒಂದು ಪಂಪು ಅಲ್ಲಿಂದ ಎಣ್ಣೆಯನ್ನು ಎಂಜಿನ್ನಿಗೆ ಉಣಿಸುತ್ತದೆ. ಇನ್ನೊಂದು, ಕೆಳಗೆ ಬಿದ್ದ ಎಣ್ಣೆಯನ್ನು ಎತ್ತಿ ಹಿಂದಕ್ಕೆ ಕಳುಹಿಸುತ್ತದೆ. ಇದಕ್ಕೆ ಡ್ರೈ ಸಂಪ್ ಎಂದು ಹೆಸರು. ಓಟದ ಕಾರುಗಳಲ್ಲೂ ಇದೇ ಏರ್ಪಾಡು. ವೇಗವಾಗಿ ತಿರುವು ಹೊಡೆಯುವಾಗ ತಟ್ಟೆಯ ಎಣ್ಣೆ ಒಂದು ಬದಿಗೆ ನುಗ್ಗಿ ಪಂಪಿನ ಬಾಯಿ ಒಣಗಬಾರದಲ್ಲ! 1963ರಲ್ಲಿ ಜಗತ್ತಿಗೆ ಕಾಣಿಸಿಕೊಂಡ ಪೋರ್ಷೆ 911 ಎಂಬ ಜರ್ಮನಿಯ ಕಾರಿಗೂ ಹೀಗೆಯೇ ಪ್ರತ್ಯೇಕ ಎಣ್ಣೆ ಟ್ಯಾಂಕು ಇತ್ತು. ಲಕ್ಷಾಧೀಶರ ಆ ಕಾರಿಗೂ ಭಾವನ ಬುಲೆಟ್ಟಿಗೂ ಇರುವ ಹೋಲಿಕೆ ಇದೊಂದೇ ಇರಬಹುದು. ಆದರೆ ರೋಗವೂ ಒಂದೇ, ಮದ್ದೂ ಒಂದೇ.

ಭಾವ ತೀರಿಕೊಂಡ ಮೇಲೆ ಆರು ವರ್ಷ ಆ ಗಾಡಿ ಗೋಣಿ ಹೊದ್ದು ಜಗಲಿಯ ಮೂಲೆಯಲ್ಲಿ ನಿಂತಿತ್ತು. ಹಳೆಯ ಬುಲೆಟ್ಟುಗಳಿಗೆ ಈಗ ಭಾರೀ ಬೆಲೆ. ಬೆಂಗಳೂರಿನಿಂದ ಒಬ್ಬ ವ್ಯಾಪಾರಿ ಎರಡು ಸಲ ಬಂದು ಕೇಳಿ ಹೋದ. ಅಷ್ಟರಲ್ಲಿ ಶಾರ್ಜಾದಲ್ಲಿರುವ ಅಳಿಯ ಮೂರು ವಾರದ ರಜೆಯಲ್ಲಿ ಬಂದ. "ಮಾವ, ಈ ಸಲ ಅಪ್ಪನ ತಿಥಿಗೆ ಅಪ್ಪನ ಗಾಡಿಯಲ್ಲೇ ಊರಿಗೆ ಹೋಗುತ್ತೇನೆ" ಎಂದ. ಹೊಸೂರಿನಿಂದ ಕಾಸರಗೋಡಿಗೆ ನಾನೂರು ಕಿಲೋಮೀಟರಿಗೂ ಮೇಲೆ, ನಡುವೆ ಶಿರಾಡಿ ಘಾಟಿ. ಅಕ್ಕ ಬೇಡವೆನ್ನಲಿಲ್ಲ. ಅವಳ ಮುಖದಲ್ಲಿ ಆಸೆಯೂ ಭಯವೂ ಕೂಡಿಯೇ ಇದ್ದವು.

ಅಳಿಯ ಅಳತೆ ಕಡ್ಡಿ ಎಳೆದು ನೋಡಿದ. ಕಡ್ಡಿ ಬಹುಮಟ್ಟಿಗೆ ಒಣಗಿತ್ತು. ಹೊಸ ಎಣ್ಣೆ ತಂದು ಸುರಿದು ಕಿಕ್ ಹೊಡೆಯುವುದೆಂದು ಹೊರಟವನನ್ನು ತಡೆದವರು ನಮ್ಮ ಮೇಸ್ತ್ರಿ. ಅವರು ಡೆಂಕಣಿಕೋಟೆಯ ಕಡೆಯ ಕನ್ನಡದವರು, ಎಪ್ಪತ್ತರ ಹತ್ತಿರದ ಪ್ರಾಯ. "ಎಣ್ಣೆ ಎಲ್ಲಿಗೂ ಹೋಗಿಲ್ಲ ತಮ್ಮಾ. ನಿಂತು ನಿಂತು ಪಂಪಿನ ಸಂದಿನಲ್ಲಿ ಜಿನುಗಿ ಕೆಳಗಿಳಿದು ಕೂತಿದೆ. ಮೇಲೆ ಇನ್ನಷ್ಟು ಸುರಿದರೆ ಹೊಗೆ ಎದ್ದು ಎಲ್ಲ ಕಡೆ ಉಗುಳುತ್ತೆ ಅಷ್ಟೆ. ಮೊದಲು ತಳ ನೋಡೋಣ" ಎಂದರು.

ಓಡುತ್ತಿರುವ ಗಾಡಿಯಾದರೆ ಎಂಜಿನ್ ಬಿಸಿ ಮಾಡಿ ಎಣ್ಣೆ ಇಳಿಸಬೇಕು. ಬಿಸಿ ಎಣ್ಣೆ ಕಲ್ಮಶವನ್ನೂ ಹೊತ್ತು ಬರುತ್ತದೆ. ಇದು ಆರು ವರ್ಷ ನಿಂತ ಗಾಡಿ. ಸ್ಟಾರ್ಟ್ ಮಾಡುವಂತಿಲ್ಲ. ಅಡಿಯ ಪ್ಲಗ್ಗುಗಳನ್ನು ಬಿಚ್ಚಿ ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಟ್ಟರು. ಕಪ್ಪು ಎಣ್ಣೆ ಇಳಿಯಿತು, ಮಡ್ಡಿ ಇಳಿಯಲಿಲ್ಲ. ಬುಲೆಟ್ಟಿನ ಎಣ್ಣೆಯ ಕೋಣೆ ಎಂಜಿನ್ನಿನ ಎರಕದಲ್ಲೇ ಸೇರಿಹೋಗಿರುವುದರಿಂದ ಅದನ್ನು ಕಳಚಿ ತೊಳೆಯುವ ಹಾಗಿಲ್ಲ. ಮೇಸ್ತ್ರಿ ಬಗ್ಗಿಸಿದ ಕುಂಚವೊಂದನ್ನು ಎಣ್ಣೆ ಹಾಕುವ ಬಾಯಿಂದ ಇಳಿಸಿ, ಡೀಸೆಲ್ ಹೊಯ್ದು, ಮೆಲ್ಲಗೆ ಉಜ್ಜಿದರು. ಒರೆಸಲು ಹಳೆಯ ಪಂಚೆಯ ತುಂಡೇ ಬೇಕು. ಹತ್ತಿಯ ವೇಸ್ಟ್ ಕೂಡದು. ಅದರ ಒಂದೇ ಒಂದು ಎಳೆ ಒಳಗುಳಿದರೂ ಎಣ್ಣೆಯ ದಾರಿ ಕಟ್ಟುತ್ತದೆ. ತೊಳೆದ ಡೀಸೆಲ್ಲೂ ಒಳಗೆ ಉಳಿಯಬಾರದು, ಹೊಸ ಎಣ್ಣೆಯನ್ನು ಅದು ನೀರು ಮಾಡುತ್ತದೆ. ಆದ್ದರಿಂದ ಕೊನೆಗೆ ಸ್ವಲ್ಪ ಅಗ್ಗದ ಎಣ್ಣೆ ಹಾಕಿ ಅದನ್ನೂ ಚೆಲ್ಲಬೇಕು.

ಮೇಸ್ತ್ರಿ ಆ ಮಡ್ಡಿಯನ್ನು ಒಂದು ಬಿಳಿ ಕಾಗದದ ಮೇಲೆ ಹರಡಿ ಬಿಸಿಲಿಗೆ ಹಿಡಿದರು. ಮೇಲೆ ಕಾಫಿಯ ನೊರೆಯಂಥ ಬಣ್ಣ, ಕೆಳಗೆ ಕಪ್ಪು. "ಇದು ನೀರು ಸೇರಿದ ಎಣ್ಣೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಒಳಗಿನ ತೇವ ಆವಿಯಾಗಿ ಹೋಗುತ್ತೆ. ಚಳಿಯಲ್ಲಿ ಎರಡು ಮೈಲಿ ಓಡಿಸಿ ನಿಲ್ಲಿಸಿದರೆ ಅಲ್ಲೇ ಉಳಿಯುತ್ತೆ. ಸಾರ್ ಕೊನೆಕೊನೆಗೆ ಈ ಗಾಡೀಲಿ ದೂರ ಎಲ್ಲೂ ಹೋಗಿಲ್ಲ ಅಲ್ವೇನಮ್ಮಾ?"

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ಇಲ್ಲ. ಎದೆನೋವು ಶುರುವಾದ ಮೇಲೆ ಪೇಟೆಯವರೆಗೆ ಮಾತ್ರ. ಕೃಷ್ಣಗಿರಿಗೆ ಹೋಗಿ ಬಂದೆ ಎಂದು ಮಗನಿಗೆ ಫೋನಿನಲ್ಲಿ ಹೇಳುತ್ತಿದ್ದರು" ಎಂದಳು. ಅಳಿಯ ತಲೆ ತಗ್ಗಿಸಿ ಆ ಕಾಗದವನ್ನೇ ನೋಡುತ್ತ ಕುಳಿತ. ಅಪ್ಪ ಹೇಳದೆ ಉಳಿಸಿದ್ದ ಎರಡು ವರ್ಷಗಳು ಅಲ್ಲಿ ಅಂಗೈಯಗಲ ಹರಡಿಕೊಂಡಿದ್ದವು.

ಕಾಗದದಲ್ಲಿ ಇನ್ನೂ ಒಂದು ಸಂಗತಿಯಿತ್ತು. ಬಿಸಿಲಿಗೆ ಅಲ್ಲಲ್ಲಿ ಬೆಳ್ಳಿಯ ಪುಡಿಯಂತೆ ಏನೋ ಮಿನುಗುತ್ತಿತ್ತು. ಮೇಸ್ತ್ರಿ ಅಯಸ್ಕಾಂತ ಹಿಡಿದರು, ಅಂಟಲಿಲ್ಲ. ಎಂದಮೇಲೆ ಉಕ್ಕಲ್ಲ, ಮೆದು ಲೋಹ. ಕನೆಕ್ಟಿಂಗ್ ರಾಡಿನ ಬುಷ್ ಸವೆಯುತ್ತಿದೆ ಎಂದು ಅವರ ಅನುಮಾನ. "ಊರೊಳಗೆ ನಾಲ್ಕು ದಿನ ಓಡಬಹುದು. ಘಾಟಿ ಹತ್ತಿ ಇಳಿಯುವ ಗಾಡಿ ಅಲ್ಲ ಇದು. ದಾರೀಲಿ ಹಿಡಿದರೆ ಹಿಂದಿನ ಚಕ್ರ ಅಲ್ಲೇ ನಿಲ್ಲುತ್ತೆ" ಎಂದರು. ಅವರು ಬಾಯಿ ಮುಚ್ಚಿಕೊಂಡು ಹೊಸ ಎಣ್ಣೆ ಸುರಿದು ಕೂಲಿ ಪಡೆದು ಕಳುಹಿಸಬಹುದಿತ್ತು. ಅಳಿಯನೂ ಸಂತೋಷದಿಂದಲೇ ಹೋಗುತ್ತಿದ್ದ. ಎಷ್ಟು ದೂರ ಹೋಗುತ್ತಿದ್ದ ಎಂಬುದು ಬೇರೆ ಮಾತು.

ವ್ಯಾಪಾರಿಗೆ ಕೊಟ್ಟುಬಿಡೋಣವೇ ಎಂದು ಆ ರಾತ್ರಿ ಮನೆಯಲ್ಲಿ ಮಾತಾಯಿತು. ಅವನು ಬಣ್ಣ ಬಳಿದು, ಕ್ರೋಮಿಯಂ ಹೊಳಪು ಹಚ್ಚಿ, ಒಳಗಿನ ಮಡ್ಡಿಯ ಸಮೇತ ಯಾವನೋ ಹುಡುಗನ ಕೈಗೆ ಮಾರುವುದು ಖಂಡಿತ. "ಗೊತ್ತಿದ್ದೂ ಯಾರ ಮಗನಿಗೋ ಕೊಡುವುದು ಬೇಡ" ಎಂದಳು ಅಕ್ಕ. ಎಂಜಿನ್ ಬಿಚ್ಚುವುದೆಂದಾಯಿತು. ಅಳಿಯ ತಿಥಿಗೆ ಬಸ್ಸಿನಲ್ಲೇ ಹೋದ.

ರಾಡ್ ಕಿಟ್ ಹೊಸದು ಹಾಕಿದ ಮೇಲೂ ಮೇಸ್ತ್ರಿ ಎಣ್ಣೆಯ ಕೋಣೆಯನ್ನು ಮತ್ತೊಮ್ಮೆ ತೊಳೆದರು. ಹಳೆಯ ಎಂಜಿನ್ನಿನ ಪುಡಿ ಮೂಲೆಯಲ್ಲಿ ಉಳಿದಿದ್ದರೆ ಹೊಸ ಬುಷ್ಷನ್ನೂ ಅದೇ ತಿನ್ನುತ್ತದೆ. ಆ ಜರ್ಮನ್ ಕಾರುಗಳಲ್ಲೂ, ಎಂಜಿನ್ ಹೊಸದು ಮಾಡಿಸಿ ಟ್ಯಾಂಕು, ಕೊಳವೆ, ಕೂಲರುಗಳನ್ನು ತೊಳೆಯದೆ ಬಿಟ್ಟರೆ ಇದೇ ಗತಿ. ಜಾಲರಿ ತೊಳೆದು, ಫಿಲ್ಟರ್ ಬದಲಿಸಿ, ಪ್ಲಗ್ಗುಗಳಿಗೆ ಹೊಸ ವಾಷರ್ ಹಾಕಿ, ಎರಡು ಲೀಟರಿಗೆ ಸ್ವಲ್ಪ ಮೇಲೆ 20ಡಬ್ಲ್ಯು-50 ಎಣ್ಣೆ ಹೊಯ್ದರು. ಸ್ಟಾರ್ಟ್ ಆದ ಕೂಡಲೇ ಅವರು ಕಿವಿಗೊಟ್ಟದ್ದು ಬುಲೆಟ್ಟಿನ ಆ ಪ್ರಸಿದ್ಧ ಸದ್ದಿಗಲ್ಲ. ರಾಕರಿಗೆ ಹೋಗುವ ಕೊಳವೆಯ ತಿರುಪು ಸಡಿಲಿಸಿ, ಎಣ್ಣೆ ಜಿನುಗುತ್ತದೆಯೇ ಎಂದು ಬೆರಳಿಟ್ಟು ನೋಡಿದರು. ಬೆರಳು ಒದ್ದೆಯಾದ ಮೇಲೆಯೇ ಬೀಡಿ ಹಚ್ಚಿದ್ದು.

ಇಳಿಸಿದ ಎಣ್ಣೆಯನ್ನೇನು ಮಾಡಿದರು ಎಂದು ಓದುಗರು ಕೇಳಬಹುದು. ಹಿಂದೆ ಗೆದ್ದಲು ಬಾರದಂತೆ ಬೇಲಿಯ ಗೂಟಕ್ಕೆ ಬಳಿಯುತ್ತಿದ್ದರು, ಉಳಿದದ್ದು ಚರಂಡಿಗೆ. 1989ರಲ್ಲಿ ಅಪಾಯಕಾರಿ ತ್ಯಾಜ್ಯಗಳ ನಿಯಮ ಬಂತು. 2016ರ ಹೊಸ ನಿಯಮದಲ್ಲೂ ಬಳಸಿದ ಎಣ್ಣೆಯ ಹೆಸರಿದೆ. ಮೇಸ್ತ್ರಿ ನಿಯಮ ಓದಿದವರಲ್ಲ. ಆದರೆ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆ ಹೊತ್ತು ಬಂದು ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಬೆಟ್ಟದಂತೆ ನೊರೆ ಕಾರುವುದನ್ನು ಕಂಡವರು. ಅವರ ಅಂಗಡಿಯ ಹಿಂದೆ ಒಂದು ಡ್ರಮ್ಮಿದೆ. ತುಂಬಿದಾಗ ಎಣ್ಣೆ ಶುದ್ಧಿ ಮಾಡುವವರ ಗಾಡಿ ಬಂದು ಕೊಂಡೊಯ್ಯುತ್ತದೆ. ಭಾವನ ಮಡ್ಡಿಯೂ ಅದರಲ್ಲೇ ಹೋಯಿತು.

ಈಗ ಭಾನುವಾರ ಬೆಳಿಗ್ಗೆ ನಾನು ಆ ಗಾಡಿಯನ್ನು ಶೂಲಗಿರಿಯವರೆಗೆ ಓಡಿಸುತ್ತೇನೆ. ತೇವ ಆರುವಷ್ಟು ಬಿಸಿಯಾಗಲು ಅಷ್ಟು ದೂರ ಸಾಕು ಎಂದು ಮೇಸ್ತ್ರಿಯ ಅಪ್ಪಣೆ. ಹಳೆಯ ಬುಲೆಟ್ಟು ಇರುವವರು ಒಂದು ಮಾತು ನೆನಪಿಟ್ಟುಕೊಳ್ಳಬೇಕು. ನಿಂತ ಗಾಡಿಯ ಕಡ್ಡಿ ಎಳೆದು, ಎಣ್ಣೆ ಕಡಿಮೆಯೆಂದು ಸುರಿಯಬೇಡಿ. ಓಡಿಸಿ ಬಂದು, ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಆಮೇಲೆ ನೋಡಿ. ಅಳಿಯನ ಮುಂದಿನ ರಜೆ ಮೇ ತಿಂಗಳಿನಲ್ಲಿ. ಶಿರಾಡಿಯಲ್ಲಿ ಮಳೆ ಹಿಡಿಯುವ ಮೊದಲೇ ಹೊರಡಬೇಕೆಂದು ಅಕ್ಕ ಈಗಲೇ ಹೇಳಿಟ್ಟಿದ್ದಾಳೆ.